ವಿದ್ಯುತ್ ಸ್ಥಾವರದ ಪಕ್ಕದ ಶಾಲೆ: ಕಂಪನಿಯ ಸಿಎಸ್‌ಆರ್ ನೆರವು ಪಡೆಯುವ ಬಗೆ

ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವಾಟ್, ಬಳ್ಳಾರಿಯ ಕುಡತಿನಿಯಲ್ಲಿ 1,700, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400, ಕಾರವಾರ ತಾಲ್ಲೂಕಿನ ಕೈಗಾದಲ್ಲಿ 880, ಪಾವಗಡದ ಸೌರ ಪಾರ್ಕಿನಲ್ಲಿ 2,050. ನಾಡಿನ ಮನೆ, ಪಂಪ್‌ಸೆಟ್, ಕಾರ್ಖಾನೆಗಳಿಗೆ ಹೋಗುವ ಕರೆಂಟಿನ ದೊಡ್ಡ ಪಾಲು ಇಂಥ ಕೆಲವೇ ಊರುಗಳಿಂದ ಹೊರಡುತ್ತದೆ. ಆ ಊರುಗಳು ಭೂಮಿ ಕೊಟ್ಟಿವೆ, ನದಿ ನೀರು ಹಂಚಿಕೊಂಡಿವೆ, ಕೆಲವೆಡೆ ಹಾರುಬೂದಿಯನ್ನೂ ಸಹಿಸಿಕೊಂಡಿವೆ. ಅಲ್ಲಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಕಂಪನಿಯ ಕಚೇರಿಗೆ ಹೋದಾಗ ಕೈ ಚಾಚಿ ನಿಲ್ಲಬೇಕಾಗಿಲ್ಲ. ಅವರು ಹೋಗಿರುವುದು ನೆರೆಹೊರೆಯ ಲೆಕ್ಕ ಮಾತಾಡಲಿಕ್ಕೆ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಅರ್ಜಿಯ ಧಾಟಿ ಇದರಿಂದಲೇ ತೀರ್ಮಾನವಾಗುತ್ತದೆ.

ಎಸ್‌ಡಿಎಂಸಿ ಸದಸ್ಯರು, ಮುಖ್ಯ ಶಿಕ್ಷಕರು, ಗ್ರಾಮ ಪಂಚಾಯಿತಿಯವರು, ಊರು ಬಿಟ್ಟು ಹೋದರೂ ಶಾಲೆಯನ್ನು ಮರೆಯದ ಹಳೆಯ ವಿದ್ಯಾರ್ಥಿಗಳು ಇಟ್ಟುಕೊಂಡು ಬಳಸಲಿ ಎಂದು ಇದನ್ನು ಬರೆದಿದ್ದೇನೆ. ಕಂಪನಿಗಳು ಕೊಡುವುದೇ ಇಲ್ಲ ಎಂಬ ದೂರು ಎಲ್ಲೆಡೆ ಕೇಳುತ್ತೇವೆ. ಕೊಟ್ಟದ್ದು ಎರಡೇ ವರ್ಷದಲ್ಲಿ ಕೆಟ್ಟು ಮೂಲೆ ಸೇರುವುದು ಅದಕ್ಕಿಂತ ದೊಡ್ಡ ತೊಂದರೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಪಡೆಯುವುದರ ಜೊತೆಗೆ ಉಳಿಸಿಕೊಳ್ಳುವುದಕ್ಕೂ ಇಲ್ಲಿ ಅಷ್ಟೇ ಜಾಗ ಕೊಟ್ಟಿದ್ದೇನೆ.

ಕಾನೂನು ಎಷ್ಟು ಗೊತ್ತಿದ್ದರೆ ಸಾಕು

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಸಂಪತ್ತು 500 ಕೋಟಿ ರೂಪಾಯಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಗೆ ಇದು ಅನ್ವಯಿಸುತ್ತದೆ. ಅಂಥ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕು. ಯಾವ ಕೆಲಸಕ್ಕೆ ಖರ್ಚು ಮಾಡಬಹುದು ಎಂಬ ಪಟ್ಟಿ ಕಾಯ್ದೆಯ 7ನೇ ಅನುಸೂಚಿಯಲ್ಲಿದೆ. ಶಿಕ್ಷಣ, ಕುಡಿಯುವ ನೀರು, ನೈರ್ಮಲ್ಯ, ಆರೋಗ್ಯ ಎಲ್ಲವೂ ಅದರಲ್ಲಿವೆ.

ತಾನು ಕೆಲಸ ಮಾಡುವ ಸ್ಥಳ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಕಂಪನಿ ಆದ್ಯತೆ ಕೊಡಬೇಕು ಎಂಬ ಮಾತೂ ಅದೇ ಸೆಕ್ಷನ್‌ನಲ್ಲಿದೆ. ಅರ್ಜಿಯಲ್ಲಿ ಇದನ್ನು ಬರೆಯಿರಿ, ಆದರೆ ಅತಿಯಾಗಿ ಒತ್ತಬೇಡಿ. ಈ ಆದ್ಯತೆ ನಿರ್ದೇಶನ ರೂಪದ್ದು, ಕಡ್ಡಾಯವಲ್ಲ ಎಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ಸ್ಪಷ್ಟೀಕರಣ ಕೊಟ್ಟಿದೆ. ಎಷ್ಟು ಕಿಲೋಮೀಟರ್ ವರೆಗೆ ಸ್ಥಳೀಯ ಎಂಬುದನ್ನೂ ಕಾಯ್ದೆ ಹೇಳಿಲ್ಲ. ಹಾಗಾಗಿ 'ಕೋರ್ಟಿಗೆ ಹೋಗುತ್ತೇವೆ' ಎನ್ನುವ ಧಾಟಿಯಿಂದ ಏನೂ ಗಿಟ್ಟುವುದಿಲ್ಲ. ಸ್ಥಾವರಕ್ಕೂ ನಿಮ್ಮೂರಿಗೂ ಇರುವ ನಂಟನ್ನು ನಿಖರವಾಗಿ ತೋರಿಸಿದರೆ ಮಾತಿಗೆ ತೂಕ ಬರುತ್ತದೆ: ಎಷ್ಟು ಕುಟುಂಬ ಜಮೀನು ಬಿಟ್ಟುಕೊಟ್ಟಿವೆ, ಬೂದಿ ಹೊಂಡ ಎಷ್ಟು ದೂರ, ಹೈಟೆನ್ಷನ್ ಲೈನು ಯಾರ ಹೊಲದ ಮೇಲೆ ಹಾದಿದೆ.

ಒಂದು: ನೆರೆಯ ಕಂಪನಿ ಯಾರದು ಎಂದು ತಿಳಿಯಿರಿ

ಕೂಡಗಿ ಸ್ಥಾವರ ಎನ್‌ಟಿಪಿಸಿಯದು, ಕೈಗಾ ನ್ಯೂಕ್ಲಿಯರ್ ಪವರ್ ಕಾರ್ಪೊರೇಷನ್ನಿನದು (ಎನ್‌ಪಿಸಿಐಎಲ್). ರಾಯಚೂರು ಬಳಿಯ 765 ಕೆ.ವಿ. ಉಪಕೇಂದ್ರ ಪವರ್ ಗ್ರಿಡ್‌ನದು. ಈ ಮೂರೂ ಕೇಂದ್ರ ಸರ್ಕಾರದ ಕಂಪನಿಗಳು. ಶಕ್ತಿನಗರ, ಕುಡತಿನಿ ಹಾಗೂ ಶರಾವತಿ, ಕಾಳಿ ಕಣಿವೆಯ ಜಲವಿದ್ಯುತ್ ಕೇಂದ್ರಗಳು 1970ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುತ್ ನಿಗಮದವು, ಅಂದರೆ ಕೆಪಿಸಿಎಲ್‌ನವು. ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರ ಅದಾನಿ ಸಮೂಹದ್ದು, ತೋರಣಗಲ್ಲಿನದು ಜೆಎಸ್‌ಡಬ್ಲ್ಯು ಎನರ್ಜಿಯದು.

ಈ ವ್ಯತ್ಯಾಸದ ಮೇಲೆ ಎರಡು ಸಂಗತಿ ನಿಂತಿವೆ. ಸರ್ಕಾರಿ ಕಂಪನಿಯಾದರೆ ಮಾಹಿತಿ ಹಕ್ಕು ಕಾಯ್ದೆಯಡಿ ಲೆಕ್ಕ ಕೇಳಬಹುದು, ಖಾಸಗಿಯವರಿಗೆ ಅದು ನೇರವಾಗಿ ಅನ್ವಯಿಸದು. ಇನ್ನು, ಕೇಂದ್ರದ ಕಂಪನಿಗಳಿಗೆ ಪ್ರತಿ ವರ್ಷ ಒಂದು ಮುಖ್ಯ ವಿಷಯವನ್ನು ಸಾರ್ವಜನಿಕ ಉದ್ಯಮಗಳ ಇಲಾಖೆ ಸೂಚಿಸುತ್ತದೆ. ಸಿಎಸ್‌ಆರ್ ಹಣದ ಸುಮಾರು ಶೇ 60ರಷ್ಟು ಅದಕ್ಕೆ ಹೋಗಲಿ, ಹಿಂದುಳಿದವೆಂದು ಗುರುತಿಸಿದ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳಿಗೆ ಆದ್ಯತೆ ಸಿಗಲಿ ಎಂಬುದು 2018ರ ಮಾರ್ಗಸೂಚಿ. ನಮ್ಮ ರಾಜ್ಯದಿಂದ ಆ ಪಟ್ಟಿಯಲ್ಲಿರುವವು ರಾಯಚೂರು, ಯಾದಗಿರಿ. ಆ ಜಿಲ್ಲೆಯವರು ಅರ್ಜಿಯ ಮೊದಲ ಸಾಲಿನಲ್ಲೇ ಇದನ್ನು ಬರೆಯಬೇಕು.

ಸೌರ ಮತ್ತು ಗಾಳಿ ವಿದ್ಯುತ್ ಇರುವ ಕಡೆ ಸ್ವಲ್ಪ ಹುಡುಕಾಟ ಬೇಕು. ಪಾವಗಡದಲ್ಲಿ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು ಪಾರ್ಕ್ ಕಟ್ಟಲಾಗಿದೆ. ಜಾಗವನ್ನು ನೋಡಿಕೊಳ್ಳುವುದು ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ. ಒಳಗೆ ವಿದ್ಯುತ್ ಉತ್ಪಾದಿಸುವ ಕಂಪನಿಗಳು ಬೇರೆ ಬೇರೆ, ಪ್ರತಿಯೊಂದಕ್ಕೂ ತನ್ನದೇ ಸಿಎಸ್‌ಆರ್ ಲೆಕ್ಕ. ಗೇಟಿನ ಬೋರ್ಡಿನಲ್ಲಿರುವುದು ಆ ಒಂದು ಯೋಜನೆಗೆಂದೇ ಹುಟ್ಟಿಸಿದ ಸಣ್ಣ ಕಂಪನಿಯಾಗಿರಬಹುದು, ಅದಕ್ಕೆ ಸಿಎಸ್‌ಆರ್ ಬಾಧ್ಯತೆಯೇ ಇಲ್ಲದಿರಬಹುದು. ಆಗ ಅದರ ಮಾತೃ ಕಂಪನಿ ಯಾವುದೆಂದು ಕೇಳಿ ಅಲ್ಲಿಗೆ ಬರೆಯಿರಿ.

ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೆಸ್ಕಾಂ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಮನೆಮನೆಗೆ ಕರೆಂಟ್ ಹಂಚುವ ಎಸ್ಕಾಂಗಳ ಬಗ್ಗೆ ಒಂದು ಮಾತು. ಸಿಎಸ್‌ಆರ್ ಲಾಭದ ಮೇಲೆ ನಿಂತ ಲೆಕ್ಕ. ಮೂರು ವರ್ಷಗಳ ಸರಾಸರಿಯಲ್ಲಿ ಲಾಭವೇ ಇಲ್ಲದಿದ್ದರೆ ಬಾಧ್ಯತೆಯೂ ಇಲ್ಲ. ನಷ್ಟದಲ್ಲಿರುವ ಎಸ್ಕಾಂ ಕಚೇರಿಗೆ ಬೆಂಚು ಕೇಳಿಕೊಂಡು ಅಲೆಯುವ ಬದಲು, ಅವರು ಮಾಡಲೇಬೇಕಾದ ಕೆಲಸವನ್ನು ಅವರಿಂದ ಮಾಡಿಸಿಕೊಳ್ಳಿ. ಅದು ಯಾವುದೆಂದು ಮುಂದೆ ಹೇಳುತ್ತೇನೆ.

ಕಂಪನಿ ಹಿಂದೆ ಎಲ್ಲಿ ಎಷ್ಟು ಖರ್ಚು ಮಾಡಿದೆ ಎಂಬುದು ಗುಟ್ಟಲ್ಲ. ಸಿಎಸ್‌ಆರ್ ನೀತಿ, ಸಮಿತಿಯ ಸದಸ್ಯರ ಹೆಸರು, ಮಂಡಳಿ ಒಪ್ಪಿದ ಯೋಜನೆಗಳನ್ನು ಕಂಪನಿ ತನ್ನ ಜಾಲತಾಣದಲ್ಲಿ ಹಾಕಬೇಕೆಂಬ ನಿಯಮವಿದೆ. ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲೂ ಕಂಪನಿವಾರು, ರಾಜ್ಯವಾರು ವಿವರ ಸಿಗುತ್ತದೆ. ಊರಿನ ಕಾಲೇಜು ಹುಡುಗ ಹುಡುಗಿಯರಿಗೆ ಹೇಳಿದರೆ ಒಂದು ಸಂಜೆಯಲ್ಲಿ ಹಿಂದಿನ ಮೂರು ವರ್ಷದ ಪಟ್ಟಿ ಇಳಿಸಿಕೊಡುತ್ತಾರೆ. ಅರ್ಜಿ ಬರೆಯುವ ಮೊದಲು ಇದನ್ನು ಓದಿ. ಪಕ್ಕದ ಊರಿಗೆ ಏನು ಸಿಕ್ಕಿದೆ ಎಂದು ಗೊತ್ತಿದ್ದವರ ಮಾತಿಗೆ ಬೆಲೆ ಬೇರೆ.

ಎರಡು: ಬೇಡಿಕೆಗಳನ್ನು ವಿಂಗಡಿಸಿ

ಎಸ್‌ಡಿಎಂಸಿ ಸಭೆಯಲ್ಲಿ ಎಲ್ಲರೂ ಎಲ್ಲವನ್ನೂ ಹೇಳಲಿ, ಬರೆದುಕೊಳ್ಳಿ. ಆಮೇಲೆ ಪ್ರತಿಯೊಂದರ ಮುಂದೆ 'ಇದು ಯಾರ ಹೊಣೆ' ಎಂದು ಬರೆಯಿರಿ.

ಶಿಕ್ಷಕರ ನೇಮಕ, ಪಠ್ಯಪುಸ್ತಕ, ಬಿಸಿಯೂಟ ಇಲಾಖೆಯ ಹೊಣೆ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಕೊಡುವುದಾಗಿ 2023ರ ರಾಜ್ಯೋತ್ಸವದಂದು ರಾಜ್ಯ ಸರ್ಕಾರ ಘೋಷಿಸಿದೆ, ಆದ್ದರಿಂದ ಕರೆಂಟ್ ಬಿಲ್ಲನ್ನು ಕಂಪನಿಯ ಮುಂದಿಡಬೇಡಿ.

ಶಾಲೆಯ ಮೇಲೆ ಜೋತುಬಿದ್ದ ತಂತಿ, ಬೇಲಿಯಿಲ್ಲದ ಟ್ರಾನ್ಸ್‌ಫಾರ್ಮರ್, ವಾಲಿದ ಕಂಬ ಎಸ್ಕಾಂನ ಹೊಣೆ. ಇದಕ್ಕೆ ಸಿಎಸ್‌ಆರ್ ಅರ್ಜಿ ಬೇಕಿಲ್ಲ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಶಾಖಾಧಿಕಾರಿಗೂ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೂ (ಎಇಇ) ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಕ್ಕಳ ಜೀವದ ಪ್ರಶ್ನೆ ಇದು. ಉಳಿದೆಲ್ಲಕ್ಕಿಂತ ಮೊದಲು ಇದನ್ನು ಮುಗಿಸಿಕೊಳ್ಳಿ.

ಬೂದಿ ಹಾರುವುದು, ಕೊಳವೆಬಾವಿಯ ನೀರು ಕೆಡುವುದು, ಕಲ್ಲಿದ್ದಲು ಲಾರಿಗಳು ಶಾಲೆ ಬಿಡುವ ಹೊತ್ತಿಗೇ ಊರೊಳಗೆ ಓಡುವುದು: ಇವು ಸ್ಥಾವರ ಪರಿಸರ ಅನುಮತಿ ಪಡೆಯುವಾಗ ಒಪ್ಪಿದ ಷರತ್ತುಗಳಿಗೆ ಸಂಬಂಧಿಸಿದವು. ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಎಂದು ತೋರಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಷರತ್ತುಗಳ ಪಾಲನೆಯ ಅರ್ಧವಾರ್ಷಿಕ ವರದಿಯನ್ನು ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಸ್ಕೂಲ್ ಬ್ಯಾಗ್ ಕೊಟ್ಟಿದ್ದಾರೆಂದು ಬೂದಿಯ ವಿಷಯದಲ್ಲಿ ಬಾಯಿ ಮುಚ್ಚಿಕೊಳ್ಳಬೇಡಿ, ಬೂದಿಯ ಸಿಟ್ಟಿನಲ್ಲಿ ಶಾಲೆಯ ಅರ್ಜಿಯನ್ನೂ ಹರಿಯಬೇಡಿ. ಎರಡು ಕಡತ, ಎರಡು ದಾರಿ.

ಇಷ್ಟು ತೆಗೆದ ಮೇಲೆ ಉಳಿಯುವುದೇ ಸಿಎಸ್‌ಆರ್‌ಗೆ ಹೋಗಬೇಕಾದ ಪಟ್ಟಿ.

ಮೂರು: ಏನನ್ನು ಕೇಳಬೇಕು

ಇಡೀ ಲೇಖನದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು.

2014ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಎಲ್ಲ ಶಾಲೆಗಳಿಗೂ ಶೌಚಾಲಯ ಎಂದು ಘೋಷಿಸಿದ ಮೇಲೆ, ಕೇಂದ್ರದ ವಿದ್ಯುತ್, ಕಲ್ಲಿದ್ದಲು ಮತ್ತು ತೈಲ ಕಂಪನಿಗಳು ಸೇರಿ ದೇಶದಾದ್ಯಂತ ಸುಮಾರು 1.3 ಲಕ್ಷ ಶಾಲಾ ಶೌಚಾಲಯಗಳನ್ನು ಕಟ್ಟಿದವು. ಎನ್‌ಟಿಪಿಸಿ, ಪವರ್ ಗ್ರಿಡ್, ಎನ್‌ಎಚ್‌ಪಿಸಿ ಇದರಲ್ಲಿ ಮುಂದಿದ್ದವು. ಅಷ್ಟು ಕಡಿಮೆ ಅವಧಿಯಲ್ಲಿ ಅಷ್ಟು ಕಟ್ಟಿದ್ದು ಸಣ್ಣ ಸಾಧನೆಯಲ್ಲ. ಆದರೆ ಮಹಾಲೇಖಪಾಲರು 15 ರಾಜ್ಯಗಳಲ್ಲಿ ಮಾದರಿ ಸಮೀಕ್ಷೆ ಮಾಡಿಸಿ 2020ರಲ್ಲಿ ಸಂಸತ್ತಿನ ಮುಂದಿಟ್ಟ ವರದಿ ಓದಿದರೆ ಹೊಟ್ಟೆ ಉರಿಯುತ್ತದೆ. ಕಟ್ಟಿದ್ದ ಶೌಚಾಲಯಗಳಲ್ಲಿ ಶೇ 72ರಷ್ಟರಲ್ಲಿ ಒಳಗೆ ನಲ್ಲಿ ನೀರೇ ಇರಲಿಲ್ಲ. ಶೇ 30ರಷ್ಟು ಬಳಕೆಯಲ್ಲೇ ಇರಲಿಲ್ಲ. ನೀರಿಲ್ಲದ, ತೊಳೆಯುವವರಿಲ್ಲದ ಕೋಣೆಗೆ ಎಷ್ಟು ಲಕ್ಷ ಸುರಿದರೂ ಏಳನೇ ತರಗತಿಯ ಹುಡುಗಿಗೆ ಅದರಿಂದ ಉಪಯೋಗವಿಲ್ಲ.

ಆದ್ದರಿಂದ ವಸ್ತುವನ್ನು ಕೇಳುವಾಗಲೇ ಅದರ ಮುಂದಿನ ಮೂರು ವರ್ಷವನ್ನೂ ಕೇಳಿ. ಶೌಚಾಲಯ ಎಂದರೆ ಜೊತೆಗೆ ನೀರಿನ ಸಂಪರ್ಕ, ಮೇಲ್ತೊಟ್ಟಿ, ಸ್ವಚ್ಛತೆಯ ಖರ್ಚು. ಶುದ್ಧ ನೀರಿನ ಘಟಕ ಎಂದರೆ ಫಿಲ್ಟರ್ ಬದಲಾವಣೆ. ಸ್ಮಾರ್ಟ್ ಕ್ಲಾಸ್ ಎಂದರೆ ಬ್ಯಾಟರಿ, ರಿಪೇರಿ, ಶಿಕ್ಷಕರಿಗೆ ತರಬೇತಿ, ಕನ್ನಡದಲ್ಲಿ ಪಾಠ. 'ಒಂದು ವರ್ಷಕ್ಕಿಂತ ಹೆಚ್ಚು ಆಗುವುದಿಲ್ಲ' ಎಂದು ಕಚೇರಿಯಲ್ಲಿ ಹೇಳಿದರೆ, ಸಿಎಸ್‌ಆರ್ ನಿಯಮಗಳಲ್ಲೇ 'ಮುಂದುವರಿಯುವ ಯೋಜನೆ' ಎಂಬ ಬಗೆ ಇದೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದ ತನಕ ಅದು ನಡೆಯಬಹುದು ಎಂದು ವಿನಯದಿಂದ ತಿಳಿಸಿ. ಶಾಲೆಯ ಕೈಯಲ್ಲಿ ಎಷ್ಟಿದೆ ಎಂಬುದನ್ನೂ ಹೇಳಿ: ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷದ ಸಂಯುಕ್ತ ಅನುದಾನ 25,000 ರೂಪಾಯಿ. ಸುಣ್ಣ ಬಣ್ಣ, ಸೀಮೆಸುಣ್ಣ, ಸಣ್ಣಪುಟ್ಟ ದುರಸ್ತಿ ಎಲ್ಲ ಇದರಲ್ಲೇ ಆಗಬೇಕು. ಇನ್ವರ್ಟರ್ ಬ್ಯಾಟರಿ ಸತ್ತರೆ ಹೊಸದನ್ನು ತರಲು ದುಡ್ಡೆಲ್ಲಿ?

ಕಟ್ಟಡ, ಬೆಂಚು, ಬ್ಯಾಗು ಕಂಪನಿಗಳಿಗೆ ಇಷ್ಟ, ಏಕೆಂದರೆ ಅವು ಫೋಟೊದಲ್ಲಿ ಕಾಣುತ್ತವೆ. ಕೋಣೆ ಸೋರುತ್ತಿದ್ದರೆ ಕೋಣೆಯನ್ನೇ ಕೇಳಿ, ಅದರಲ್ಲಿ ಎರಡು ಮಾತಿಲ್ಲ. ಕೋಣೆ ಸರಿಯಿದ್ದರೆ ಕಲಿಕೆಗೆ ನೇರವಾಗಿ ತಾಗುವುದನ್ನು ಕೇಳಿ.

ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವುದೆಂದರೆ, ನನ್ನ ಮಟ್ಟಿಗೆ, ಎನ್‌ಎಂಎಂಎಸ್ ಪರೀಕ್ಷೆಯ ತರಬೇತಿ. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳು ಬರೆಯುವ ಈ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಹೈಸ್ಕೂಲಿಗೆ ಬಸ್ಸು ಹತ್ತಿ ಹೋಗಬೇಕಾದ ಹಳ್ಳಿಯ ಹುಡುಗಿಯ ಓದು ನಿಲ್ಲದಿರಲು ಈ ಹಣ ಸಾಕಾಗಬಹುದು. ಮೂರು ನಾಲ್ಕು ಊರಿನ ಮಕ್ಕಳನ್ನು ಶನಿವಾರ ಮಧ್ಯಾಹ್ನ ಒಂದೆಡೆ ಸೇರಿಸಿ ಗಣಿತ, ತಾರ್ಕಿಕ ಸಾಮರ್ಥ್ಯ ಹೇಳಿಕೊಡಲು ಇಬ್ಬರು ಪದವೀಧರರಿಗೆ ಗೌರವಧನ, ಪುಸ್ತಕ, ಓಡಾಟದ ಖರ್ಚು ಕೇಳಿ. ಹೀಗೆಯೇ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೂ ಕೇಳಬಹುದು. ಊರಲ್ಲೇ ಓದಿದವರಿಗೆ ಕೆಲಸವೂ ಸಿಗುತ್ತದೆ.

ಎನ್‌ಟಿಪಿಸಿ 2018ರಿಂದ ತನ್ನ ಸ್ಥಾವರಗಳ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಸುಮಾರು ಒಂದು ತಿಂಗಳ ವಸತಿ ಶಿಬಿರ ನಡೆಸುತ್ತಿದೆ. ಕೂಡಗಿಯಲ್ಲೂ ಇದು ನಡೆದಿದೆ. ನಿಮ್ಮ ಊರು ಅಂಥ ಸ್ಥಾವರದ ಬಳಿ ಇದ್ದರೆ ಆಯ್ಕೆ ಯಾವಾಗ, ಹೇಗೆ ಎಂದು ಫೆಬ್ರುವರಿಯಲ್ಲೇ ವಿಚಾರಿಸಿ. ಶಿಬಿರ ಮುಗಿದ ಮೇಲೆ ಆ ಮಕ್ಕಳ ಓದನ್ನು ಹಿಂಬಾಲಿಸುವವರು ಯಾರು ಎಂದೂ ಕೇಳಿ. ಒಂದು ತಿಂಗಳು ಇಂಗ್ಲಿಷ್, ಗಣಿತ, ಆತ್ಮರಕ್ಷಣೆ ಕಲಿತ ಮಗು ಜೂನ್‌ನಲ್ಲಿ ಮತ್ತೆ ಅದೇ ಒಬ್ಬ ಶಿಕ್ಷಕರಿರುವ ಶಾಲೆಗೆ ಬರುತ್ತದೆ. ಅಲ್ಲಿ ಏನಾದರೂ ಬದಲಾಗಬೇಕಲ್ಲ.

ಸ್ಥಾವರದ ಎಂಜಿನಿಯರುಗಳೂ ಒಂದು ದೊಡ್ಡ ಸಂಪತ್ತು, ಇದಕ್ಕೆ ಹಣವೇ ಬೇಡ. ಟರ್ಬೈನ್ ತಿರುಗಿಸುವವರು ತಿಂಗಳಿಗೊಮ್ಮೆ ಶಾಲೆಗೆ ಬಂದು ಕಾಂತದ ನಡುವೆ ತಂತಿಯ ಸುರುಳಿ ತಿರುಗಿಸಿ ಚಿಕ್ಕ ಬಲ್ಬು ಹೊತ್ತಿಸಿ ತೋರಿಸಿದರೆ, ವಿಜ್ಞಾನದ ಆ ಅಧ್ಯಾಯ ಮಕ್ಕಳಿಗೆ ಮತ್ತೆ ಮರೆಯುವುದಿಲ್ಲ. ಹತ್ತನೇ ತರಗತಿಯವರಿಗೆ ಸ್ಥಾವರ ವೀಕ್ಷಣೆ ಏರ್ಪಡಿಸಲೂ ಕೇಳಿ. ಭದ್ರತೆಯ ಕಾರಣ ಮುಂಚಿತ ಅನುಮತಿ, ಗುರುತಿನ ಪತ್ರ ಬೇಕಾಗುತ್ತವೆ.

ಐಟಿಐ, ಡಿಪ್ಲೊಮಾ ಮುಗಿಸಿದವರಿದ್ದರೆ ಶಿಶಿಕ್ಷು (ಅಪ್ರೆಂಟಿಸ್) ತರಬೇತಿಯ ಕಡೆ ನೋಡಿ. ಇದು ಕಂಪನಿಯ ಔದಾರ್ಯವಲ್ಲ, 1961ರ ಅಪ್ರೆಂಟಿಸ್ ಕಾಯ್ದೆಯ ಬಾಧ್ಯತೆ. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. ಅಪ್ರೆಂಟಿಸ್‌ಷಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳದ ಸ್ಥಳೀಯ ಹುಡುಗರು ಸೂಚನೆ ಬಂದದ್ದೇ ತಿಳಿಯದೆ ಅವಕಾಶ ಕಳೆದುಕೊಳ್ಳುತ್ತಾರೆ. ಪಂಚಾಯಿತಿ ಗ್ರಂಥಾಲಯದಲ್ಲಿ ಒಂದು ದಿನ ಕೂತು ಎಲ್ಲರ ನೋಂದಣಿ ಮಾಡಿಸಿಬಿಡಿ.

ನಾಲ್ಕು: ಕಾಗದಪತ್ರ

ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಸಮಿತಿಯ ಕೆಲಸ. ಅನೇಕ ಕಡೆ ಅದು ಹೆಸರಿಗಷ್ಟೇ ಇರುತ್ತದೆ. ಈ ನೆಪದಲ್ಲಾದರೂ ಅದನ್ನು ನಿಜವಾಗಿ ಬರೆಯಿರಿ. ಅದರ ಪ್ರತಿಯ ಜೊತೆ ಎಸ್‌ಡಿಎಂಸಿ ನಡಾವಳಿ, ಶಾಲೆಯನ್ನು ಗುರುತಿಸುವ 11 ಅಂಕಿಯ ಯುಡೈಸ್ ಸಂಖ್ಯೆ, ತರಗತಿವಾರು ದಾಖಲಾತಿ, ಹುಡುಗ ಹುಡುಗಿಯರ ಲೆಕ್ಕ, ಈಗಿನ ಸ್ಥಿತಿಯ ನಾಲ್ಕೈದು ಫೋಟೊ ಸಾಕು. ಕಟ್ಟಡದ ಕೆಲಸವಾದರೆ ಜಾಗ ಶಾಲೆಯದೇ ಎಂಬುದಕ್ಕೆ ದಾಖಲೆ, ಎಂಜಿನಿಯರ್ ಸಹಿ ಇರುವ ಅಂದಾಜು ಪಟ್ಟಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರ ಒಪ್ಪಿಗೆ ಪತ್ರ ಬೇಕು. ಜಾಗದ ದಾಖಲೆ ಸರಿಯಿಲ್ಲದೆ ಮಂಜೂರಾದ ಕೆಲಸವೇ ನಿಲ್ಲಬಹುದು. ದಾನಿಗಳು ಬಾಯಿಮಾತಿನಲ್ಲಿ ಕೊಟ್ಟ ಹಳೆಯ ಜಾಗವಾಗಿದ್ದರೆ ತಹಶೀಲ್ದಾರ್ ಕಚೇರಿಯ ಕೆಲಸವನ್ನು ಇವತ್ತೇ ಶುರು ಮಾಡಿ, ಅದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ.

2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ವಿದ್ಯಾಂಜಲಿ 2.0 ಪೋರ್ಟಲ್‌ನಲ್ಲಿ ಶಾಲೆಯ ಅಗತ್ಯಗಳನ್ನು ನಮೂದಿಸುವುದಕ್ಕೂ ಇದೇ ಮಾಹಿತಿ ಸಾಕು. ಕಂಪನಿಗಳೂ ಅಲ್ಲಿ ನೋಡಿ ಆರಿಸಿಕೊಳ್ಳುತ್ತವೆ.

ಐದು: ಅರ್ಜಿ

ಒಂದು ಪುಟ ಮೀರದಿರಲಿ. ಕನ್ನಡದಲ್ಲೇ ಬರೆಯಿರಿ. ನಿರ್ಧಾರ ದೆಹಲಿ, ಮುಂಬೈ ಕಚೇರಿಯಲ್ಲಿ ಆಗುವುದಾದರೆ ಇಂಗ್ಲಿಷ್ ಪ್ರತಿಯೊಂದನ್ನು ಲಗತ್ತಿಸಿ. ಒಂದು ಅರ್ಜಿಗೆ ಒಂದೇ ಬೇಡಿಕೆ. ಹದಿನೈದು ಅಂಶದ ಪಟ್ಟಿ ಕೊಟ್ಟರೆ ಅದರಲ್ಲಿ ಅಗ್ಗವಾದದ್ದನ್ನು ಕೊಟ್ಟು ಕಡತ ಮುಗಿಸುತ್ತಾರೆ. ಮಾದರಿ ಹೀಗಿರಲಿ:

"ಮಾನ್ಯರೇ,

ವಿಷಯ: ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ವ್ಯವಸ್ಥೆ ಹಾಗೂ ಮೂರು ವರ್ಷಗಳ ನಿರ್ವಹಣೆ ಕೋರಿ.

ನಮ್ಮ ಶಾಲೆ ತಮ್ಮ ಸ್ಥಾವರದಿಂದ ___ ಕಿ.ಮೀ. ದೂರದಲ್ಲಿದೆ. ಸ್ಥಾವರಕ್ಕಾಗಿ ನಮ್ಮ ಗ್ರಾಮದ ___ ಕುಟುಂಬಗಳು ಜಮೀನು ನೀಡಿವೆ. ಶಾಲೆಯಲ್ಲಿ ___ ಮಕ್ಕಳಿದ್ದು, ಅವರಲ್ಲಿ ___ ಹೆಣ್ಣುಮಕ್ಕಳು. ಶೌಚಾಲಯ ಕಟ್ಟಡವಿದೆ, ನೀರಿಲ್ಲ. ಪಂಚಾಯಿತಿಯ ನೀರಿನ ಕೊಳವೆ ಶಾಲೆಯಿಂದ ___ ಮೀಟರ್ ದೂರದಲ್ಲಿದೆ. ಸಂಪರ್ಕ, ಮೇಲ್ತೊಟ್ಟಿ, ನಲ್ಲಿಗಳಿಗೆ ___ ರೂಪಾಯಿ ಹಾಗೂ ಮೂರು ವರ್ಷಗಳ ಸ್ವಚ್ಛತೆ ಮತ್ತು ದುರಸ್ತಿಗೆ ವರ್ಷಕ್ಕೆ ___ ರೂಪಾಯಿ ಅಂದಾಜಾಗಿದೆ (ಪಟ್ಟಿ ಲಗತ್ತಿಸಿದೆ). ಕೆಲಸ ಮುಗಿದ ಮೇಲೆ ಮೇಲ್ವಿಚಾರಣೆಯ ಹೊಣೆಯನ್ನು ಎಸ್‌ಡಿಎಂಸಿ ವಹಿಸಿಕೊಂಡು ಆರು ತಿಂಗಳಿಗೊಮ್ಮೆ ತಮಗೆ ವರದಿ ನೀಡುತ್ತದೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಹೇಳುವ ಸ್ಥಳೀಯ ಆದ್ಯತೆಯಡಿ ಪರಿಗಣಿಸಬೇಕೆಂದು ಕೋರುತ್ತೇವೆ."

ಕೆಳಗೆ ಎಸ್‌ಡಿಎಂಸಿ ಅಧ್ಯಕ್ಷರು, ಮುಖ್ಯ ಶಿಕ್ಷಕರು, ಗ್ರಾಮ ಪಂಚಾಯಿತಿ ಅಧ್ಯಕ್ಷರ ಸಹಿ ಇರಲಿ. ಪ್ರತಿಗಳನ್ನು ಬಿಇಒ, ಡಿಡಿಪಿಐ ಮತ್ತು ಜಿಲ್ಲಾ ಪಂಚಾಯಿತಿ ಸಿಇಒ ಅವರಿಗೆ ಕಳುಹಿಸಿ. ಸ್ಥಾವರದ ಕಚೇರಿಯಲ್ಲಿ ಸಿಎಸ್‌ಆರ್ ಕೆಲಸವನ್ನು ಸಾಮಾನ್ಯವಾಗಿ ಮಾನವ ಸಂಪನ್ಮೂಲ ವಿಭಾಗದವರು ಅಥವಾ ಪುನರ್ವಸತಿ ವಿಭಾಗದವರು ನೋಡುತ್ತಾರೆ, ಖಾಸಗಿಯವರಲ್ಲಿ ಸಮೂಹದ ಪ್ರತಿಷ್ಠಾನ. ಸ್ವೀಕೃತಿ ಮುದ್ರೆ ಇಲ್ಲದೆ ಹಿಂದಿರುಗಬೇಡಿ.

ಕಾಲವೂ ಮುಖ್ಯ. ಕಂಪನಿಗಳ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರು, ವಾರ್ಷಿಕ ಸಿಎಸ್‌ಆರ್ ಯೋಜನೆಯ ತಯಾರಿ ಅದಕ್ಕೂ ಮೊದಲೇ ನಡೆಯುತ್ತದೆ. ಜೂನ್‌ನಲ್ಲಿ ಶಾಲೆ ತೆರೆದಾಗ ಅರ್ಜಿ ಕೊಟ್ಟರೆ ಆ ವರ್ಷದ ಪಟ್ಟಿ ಮುಗಿದಿರುತ್ತದೆ. ದಸರಾ ರಜೆ ಮುಗಿದ ಮೇಲೆ, ಡಿಸೆಂಬರ್ ಒಳಗೆ ಕೊಡುವುದು ಒಳ್ಳೆಯದು. ಮಂಜೂರಾದರೆ ಏಪ್ರಿಲ್, ಮೇ ರಜೆಯಲ್ಲಿ ಕಟ್ಟಡದ ಕೆಲಸ ನಡೆಯುತ್ತದೆ, ಪಾಠಕ್ಕೆ ಅಡ್ಡಿಯಿಲ್ಲ.

ಆರು: ಹಣ ಯಾರ ಕೈಗೆ

ಶಾಲೆಯ ಖಾತೆಗೆ ನೇರವಾಗಿ ಹಣ ಹಾಕಿ ಎಂದು ಕೇಳಬೇಡಿ. ಕಂಪನಿ ತಾನೇ ಕೆಲಸ ಮಾಡಿಸಬಹುದು, ಇಲ್ಲವೇ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿತ ಸಂಸ್ಥೆಯ ಮೂಲಕ ಮಾಡಿಸಬಹುದು. ಈ ನೋಂದಣಿ 2021ರ ಏಪ್ರಿಲ್ 1ರಿಂದ ಕಡ್ಡಾಯ. ಹಳೆಯ ವಿದ್ಯಾರ್ಥಿಗಳ ಸಂಘವನ್ನು ಈಗ ದಿಢೀರನೆ ನೋಂದಾಯಿಸಿದರೆ ಉಪಯೋಗವಾಗದು, ಏಕೆಂದರೆ ಹೊರಗಿನ ಟ್ರಸ್ಟ್, ಸೊಸೈಟಿಗಳಿಗೆ ಆದಾಯ ತೆರಿಗೆ ವಿನಾಯಿತಿಗೆ ಸಂಬಂಧಿಸಿದ 12ಎ, 80ಜಿ ನೋಂದಣಿಯ ಜೊತೆ ಇಂಥ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು. ಸಾಮಗ್ರಿ ಅಥವಾ ಕೆಲಸದ ರೂಪದಲ್ಲೇ ಕೇಳುವುದು ಸುಲಭ.

'ಸಿಎಸ್‌ಆರ್ ಫಂಡ್ ಮಾಡಿಸಿಕೊಡುತ್ತೇವೆ, ಮೊದಲು ಪ್ರೊಸೆಸಿಂಗ್ ಫೀ ಕಟ್ಟಿ' ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ಕಳುಹಿಸಿ. ಅರ್ಜಿಗೆ ಶುಲ್ಕವಿಲ್ಲ, ಕಮಿಷನ್ ಇಲ್ಲ. ನಡುವೆ ಬರುವ ಸಂಸ್ಥೆ ಸಿಎಸ್‌ಆರ್ ನೋಂದಣಿ ಸಂಖ್ಯೆ ತೋರಿಸಲಿ, ಕಂಪನಿಯ ಕಚೇರಿಗೆ ಫೋನ್ ಮಾಡಿ ಅದು ನಿಜವೇ ಎಂದು ಕೇಳಿ.

ಏಳು: ಕೆಲಸ ನಡೆಯುವಾಗ, ಮುಗಿದ ಮೇಲೆ

ಗುತ್ತಿಗೆದಾರರು ಬಂದ ದಿನದಿಂದ ಎಸ್‌ಡಿಎಂಸಿಯ ಇಬ್ಬರು ಸದಸ್ಯರು, ಅದರಲ್ಲಿ ಒಬ್ಬರು ತಾಯಿ, ಮೇಲ್ವಿಚಾರಣೆ ವಹಿಸಲಿ. ಶೌಚಾಲಯದ ಬಾಗಿಲಿಗೆ ಒಳಚಿಲಕ ಎಷ್ಟು ಎತ್ತರದಲ್ಲಿರಬೇಕು ಎಂಬುದು ತಾಯಂದಿರಿಗೆ ಹೊಳೆಯುವಷ್ಟು ಬೇಗ ಗುತ್ತಿಗೆದಾರರಿಗೆ ಹೊಳೆಯುವುದಿಲ್ಲ. ವಿದ್ಯುತ್ ಉಪಕರಣವಾದರೆ ಅರ್ಥಿಂಗ್ ಆಗಿದೆಯೇ, ಶಾಲೆಗೆ ಮಂಜೂರಾದ ಲೋಡ್ ಅದಕ್ಕೆ ಸಾಕೇ ಎಂದು ಎಸ್ಕಾಂನವರಿಂದ ನೋಡಿಸಿ.

ಹಸ್ತಾಂತರದ ದಿನ ಫೋಟೊ, ಹಾರ ಎಲ್ಲ ಆಗಲಿ, ಆದರೆ ಹಸ್ತಾಂತರ ಪತ್ರ, ಬಿಲ್ಲಿನ ಪ್ರತಿ, ವಾರಂಟಿ ಕಾರ್ಡು, ಸರ್ವಿಸ್‌ನವರ ಫೋನ್ ಸಂಖ್ಯೆ ಕೈಗೆ ಬಂದ ಮೇಲೆಯೇ ಸಹಿ ಹಾಕಿ. ದಾಸ್ತಾನು ವಹಿಯಲ್ಲಿ ಅಂದೇ ಬರೆಯಿರಿ. ಕಂಪನಿಯ ಹೆಸರಿನ ಫಲಕ ಹಾಕುವುದಕ್ಕೆ ಅಡ್ಡಿಯಿಲ್ಲ. ಶಾಲೆಯ ಹೆಸರಿಗಿಂತ ದೊಡ್ಡದಾಗಿ ಗೋಡೆಯಿಡೀ ಬರೆಯಿಸಲು ಬಂದರೆ ಬೇಡ ಎನ್ನಿ. ಮಾರುಕಟ್ಟೆ ಲಾಭಕ್ಕಾಗಿ ಮಾಡುವ ಪ್ರಾಯೋಜಕತ್ವ ಸಿಎಸ್‌ಆರ್ ಎನಿಸಿಕೊಳ್ಳುವುದಿಲ್ಲ ಎಂಬುದು ಅವರಿಗೂ ಗೊತ್ತಿರುತ್ತದೆ.

ಆರು ತಿಂಗಳ ನಂತರ ಒಂದು ಪುಟದ ವರದಿ ಕಳುಹಿಸಿ: ಎಷ್ಟು ಮಕ್ಕಳು ಬಳಸುತ್ತಿದ್ದಾರೆ, ಏನು ಕೆಟ್ಟಿತ್ತು, ಯಾರು ಸರಿ ಮಾಡಿದರು, ಎಷ್ಟು ಮಕ್ಕಳು ಎನ್‌ಎಂಎಂಎಸ್ ಬರೆದರು. ಕೇಳದೆಯೇ ವರದಿ ಕಳುಹಿಸುವ ಶಾಲೆಗಳು ವಿರಳ, ಮುಂದಿನ ಅರ್ಜಿ ಅವರ ಮೇಜಿಗೆ ಬಂದಾಗ ನಿಮ್ಮ ಶಾಲೆಯ ಹೆಸರು ನೆನಪಿರುತ್ತದೆ.

ಎಂಟು: ಉತ್ತರವೇ ಬಾರದಿದ್ದರೆ

ಎರಡು ತಿಂಗಳು ಕಾಯಿರಿ, ಒಂದು ನೆನಪೋಲೆ ಬರೆಯಿರಿ. ಆಮೇಲೂ ಮೌನವಾದರೆ ವಿಷಯವನ್ನು ಗ್ರಾಮ ಸಭೆಯಲ್ಲಿಟ್ಟು ನಿರ್ಣಯ ಮಾಡಿಸಿ ಜಿಲ್ಲಾಧಿಕಾರಿಗೆ ಕಳುಹಿಸಿ.

ಸರ್ಕಾರಿ ಕಂಪನಿಯಾದರೆ ಆರ್‌ಟಿಐ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಕೆಪಿಸಿಎಲ್‌ಗೆ ಹಾಕುವಾಗ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಎನ್‌ಟಿಪಿಸಿ, ಎನ್‌ಪಿಸಿಐಎಲ್, ಪವರ್ ಗ್ರಿಡ್‌ಗೆ ಕೇಂದ್ರದ ಆರ್‌ಟಿಐ ಆನ್‌ಲೈನ್ ಮೂಲಕವೇ ಸಲ್ಲಿಸಬಹುದು. 'ನಮ್ಮ ಶಾಲೆಗೆ ಏಕೆ ಕೊಡಲಿಲ್ಲ' ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಕಾಯ್ದೆಯಡಿ ಸಿಗುವುದು ದಾಖಲೆ ಮಾತ್ರ. ಹೀಗೆ ಕೇಳಿ: "ಕಳೆದ ಮೂರು ಹಣಕಾಸು ವರ್ಷಗಳಲ್ಲಿ ___ ಸ್ಥಾವರದ ಸಿಎಸ್‌ಆರ್ ಅಡಿ ಶಿಕ್ಷಣಕ್ಕೆ ಮಾಡಿದ ಖರ್ಚಿನ ಗ್ರಾಮವಾರು, ಶಾಲಾವಾರು ಪಟ್ಟಿ, ಇದೇ ಅವಧಿಯಲ್ಲಿ ಬಂದ ಅರ್ಜಿಗಳ ವಹಿಯ ಪ್ರತಿ, ನಮ್ಮ ದಿನಾಂಕ ___ರ ಅರ್ಜಿಯ ಮೇಲಿನ ಕಡತ ಟಿಪ್ಪಣಿಯ ಪ್ರತಿ." ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಮುಂದಿನ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ. ಅದಾದ ಮೇಲೆ ಕೆಪಿಸಿಎಲ್ ವಿಷಯವಾದರೆ ಕರ್ನಾಟಕ ಮಾಹಿತಿ ಆಯೋಗ, ಕೇಂದ್ರದ ಕಂಪನಿಯಾದರೆ ಕೇಂದ್ರ ಮಾಹಿತಿ ಆಯೋಗ.

ಖಾಸಗಿ ಕಂಪನಿಯಾದರೆ ಅವರ ವಾರ್ಷಿಕ ವರದಿಯ ಸಿಎಸ್‌ಆರ್ ಅನುಬಂಧವನ್ನೇ ಹಿಡಿದು ಮಾತಾಡಬೇಕು. ಹಿಂದೆ ಪರಿಸರ ಸಾರ್ವಜನಿಕ ಅಹವಾಲು ಸಭೆ ನಡೆದಿದ್ದರೆ ಅದರ ನಡಾವಳಿಯಲ್ಲಿ ಕಂಪನಿ ಶಾಲೆಗಳ ಬಗ್ಗೆ ಕೊಟ್ಟ ಮಾತು ದಾಖಲಾಗಿರಬಹುದು. ನಡಾವಳಿಯ ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪಡೆಯಿರಿ.

ಮುಖ್ಯ ಶಿಕ್ಷಕರಿಗೆ ವರ್ಗವಾಗುತ್ತದೆ, ಎಸ್‌ಡಿಎಂಸಿಯ ಅವಧಿ ಮುಗಿಯುತ್ತದೆ, ಕಂಪನಿಯ ಅಧಿಕಾರಿಯೂ ಬೇರೆ ಸ್ಥಾವರಕ್ಕೆ ಹೋಗುತ್ತಾರೆ. ಆದ್ದರಿಂದ ಅರ್ಜಿ, ಸ್ವೀಕೃತಿ, ಅಂದಾಜು ಪಟ್ಟಿ, ಹಸ್ತಾಂತರ ಪತ್ರ, ವಾರಂಟಿ ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು ಒಂದು ಜೆರಾಕ್ಸ್ ಪ್ರತಿಯನ್ನು ಶಾಲೆಯಲ್ಲೂ ಇನ್ನೊಂದನ್ನು ಗ್ರಾಮ ಪಂಚಾಯಿತಿಯಲ್ಲೂ ಇಡಿ. ಹೊಸ ಸಮಿತಿ ರಚನೆಯಾದ ಮೊದಲ ಸಭೆಯಲ್ಲಿ ಆ ಕಡತವನ್ನು ಎಲ್ಲರ ಮುಂದೆ ಓದಿ, ನಡಾವಳಿಯಲ್ಲಿ ಹಾಗೆಂದು ಬರೆಯಿಸಿ.